ಮಕ್ಕಳು ಸಾಕಿದ ಬಿಳಿ ಇಲಿಗೆ ಚರ್ಮದ ಬಾಧೆ

ದನಕರುಗಳ ಕಾಯಿಲೆಗಳ ಕುರಿತು ಈ ಅಂಕಣದಲ್ಲಿ ಅನೇಕ ಸಲ ಬರೆದಿದ್ದೇವೆ. ಇಲಿಯ ಬಗೆಗೆ ಬರೆಯುವ ಪ್ರಸಂಗ ಬಂದೀತೆಂದು ಎಣಿಸಿರಲಿಲ್ಲ. ಬೈಲಹೊಂಗಲ, ಸವದತ್ತಿ ಭಾಗದ ಎರೆಹೊಲದ ರೈತನಿಗೆ ಇಲಿಯೆಂದರೆ ಬೆಳೆ ಕಡಿಯುವ ಶತ್ರು. ಆದರೆ ಪೇಟೆಯ ಅಂಗಡಿಯಿಂದ ಬಿಳಿ ಇಲಿಗಳನ್ನು ತಂದು ಪಂಜರದಲ್ಲಿ ಸಾಕುವ ಮಕ್ಕಳು ಈಗ ನಮ್ಮ ಮನೆಗಳಲ್ಲಿಯೂ ಇದ್ದಾರೆ.

ಇತ್ತೀಚೆಗೆ ಬೈಲಹೊಂಗಲ ಸಮೀಪದ ಬಂಧುಗಳ ಮನೆಗೆ ಹೋಗಿದ್ದೆವು. ಆರನೆಯ ತರಗತಿಯ ಹುಡುಗನು ಸಾಕಿದ ಎರಡು ಇಲಿಗಳಲ್ಲಿ ಒಂದರ ಕತ್ತು ಮತ್ತು ಬೆನ್ನಿನ ಕೂದಲು ಉದುರಿ, ಚರ್ಮವು ಹೊಟ್ಟೆದ್ದು ಹಕ್ಕಳೆಗಟ್ಟಿತ್ತು. ಆ ಮನೆಯ ಅಜ್ಜಿಗೆ ಅದನ್ನು ಕಂಡರೆ ಭಯ. 2022ರಲ್ಲಿ ಚರ್ಮಗಂಟು ರೋಗವು ಬೆಳಗಾವಿ ಜಿಲ್ಲೆಯಲ್ಲೆಲ್ಲ ಹಬ್ಬಿದಾಗ ಅವರ ಕೊಟ್ಟಿಗೆಯ ಎತ್ತೊಂದು ಸತ್ತಿತ್ತು. “ತಮ್ಮಾ, ಮದ್ಲ ಇದನ್ನ ಹೊರಗ ಇಡು. ದನಕ್ಕ ಹತ್ತಿದರ ಏನ್ ಮಾಡೂದು?” ಎಂದು ಅವರು ದಿನವೂ ಗದರಿಸುತ್ತಿದ್ದರಂತೆ. ಅವರ ಸಂಕಟ ಸಹಜವಾದರೂ ಆ ಶಂಕೆಗೆ ಆಧಾರವಿಲ್ಲ. ಚರ್ಮಗಂಟು ರೋಗದ ವೈರಾಣು ಆಕಳು, ಎತ್ತು, ಎಮ್ಮೆಗಳನ್ನು ಬಾಧಿಸುವಂಥದು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಅದನ್ನು ಹರಡುತ್ತವೆ. ಇಲಿಯ ಹಕ್ಕಳೆಗೂ ಅದಕ್ಕೂ ಸಂಬಂಧವಿಲ್ಲ.

ನಿಜವಾದ ಅಪಾಯವು ಹುಡುಗನ ಕಾಕಾನ ಕೈಯಲ್ಲಿತ್ತು. ದನಗಳ ಉಣ್ಣೆಗೆ ಹಚ್ಚುವ ಔಷಧದ ಶೀಸೆಯನ್ನು ಅವರು ಕೊಟ್ಟಿಗೆಯಿಂದ ತಂದೇಬಿಟ್ಟಿದ್ದರು, “ಒಂದ ಹನಿ ಸಾಕು” ಎಂದರು. ನಾವು ತಡೆದೆವು. ಎಮ್ಮೆಯ ತೂಕ 400 ಕಿಲೋ ಎಂದಿಟ್ಟುಕೊಂಡರೆ ಸಾಕಿದ ಇಲಿಯದು ಸುಮಾರು 30 ಗ್ರಾಂ, ಅಂದರೆ ಹದಿಮೂರು ಸಾವಿರದಲ್ಲಿ ಒಂದು ಪಾಲು. ಅಷ್ಟು ಸಣ್ಣ ಜೀವಕ್ಕೆ ಒಂದು ಹನಿಯೂ ವಿಷವಾಗಬಲ್ಲದು. ಮೇಲಾಗಿ ಇಲಿಯು ಮೈಯನ್ನು ನೆಕ್ಕಿ ಶುಚಿಮಾಡಿಕೊಳ್ಳುವ ಪ್ರಾಣಿ. ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಸೀಮೆಎಣ್ಣೆ, ಬೆಳೆಗೆ ಹೊಡೆಯುವ ಪುಡಿ ಇವುಗಳ ಮಾತೇ ಬೇಡ. ಸಾಬೂನು ಹಚ್ಚಿ ಮೀಯಿಸಿದರೂ ಚಳಿ ಹಿಡಿದು ಸಾಯುವುದುಂಟು.

ಕೂದಲು ಉದುರಿದ್ದೆಲ್ಲ ಒಂದೇ ರೋಗವಲ್ಲ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹತ್ತಿದರೆ ಇಲಿಯು ಬಿಡದೆ ಕೆರೆದುಕೊಂಡು ಗಾಯ ಮಾಡಿಕೊಳ್ಳುತ್ತದೆ. ನುಸಿಯ ಮೊಟ್ಟೆಗಳು ಔಷಧಕ್ಕೆ ಜಗ್ಗುವುದಿಲ್ಲವಾದ್ದರಿಂದ ಚಿಕಿತ್ಸೆಯನ್ನು ಕೆಲ ದಿನ ಬಿಟ್ಟು ಮತ್ತೆ ಮಾಡಬೇಕಾಗುತ್ತದೆ. ಗಾಯವಿಲ್ಲದೆ ಮೀಸೆ ಮತ್ತು ಮುಖದ ಕೂದಲು ಮಾತ್ರ ಕತ್ತರಿಸಿದಂತಿದ್ದರೆ, ಅದು ಜೊತೆಯ ಇಲಿಯ ದರ್ಪದ ಕೆಲಸ! ಎರಡು ಗಂಡುಗಳನ್ನು ಒಂದೆಡೆ ಇಟ್ಟರೆ ಬಾಲದ ಬುಡದಲ್ಲಿ ಕಚ್ಚಿದ ಗಾಯಗಳು ಕಾಣುತ್ತವೆ. ಮೂರನೆಯದು ಗಜಕರ್ಣ. ಇದು ಶಿಲೀಂಧ್ರದಿಂದ ಬರುವಂಥದು, ಮನುಷ್ಯರಿಗೂ ಅಂಟುತ್ತದೆ.

ಈ ಮಾತನಾಡುತ್ತಿರುವಾಗಲೇ ಹುಡುಗನ ಮುಂಗೈಯ ಮೇಲೆ ಕೆಂಪನೆಯ ದುಂಡು ಉಂಗುರವೊಂದು ನಮ್ಮ ಕಣ್ಣಿಗೆ ಬಿದ್ದಿತು. ತಾಯಿ ಅದಕ್ಕೆ ಔಷಧದಂಗಡಿಯಲ್ಲಿ ಕೇಳಿ ತಂದ ಮುಲಾಮು ಹಚ್ಚುತ್ತಿದ್ದರು. ತುರಿಕೆ ತಗ್ಗಿತ್ತು, ಉಂಗುರ ಮಾತ್ರ ಅಗಲವಾಗುತ್ತಿತ್ತು. ಕೊಳವೆಯ ಮೇಲೆ ಓದಿ ನೋಡಿದರೆ ಅದರಲ್ಲಿ ಸ್ಟೆರಾಯ್ಡ್ ಬೆರೆತಿತ್ತು. ಇಂಥ ಮುಲಾಮು ಗಜಕರ್ಣವನ್ನು ಮರೆಮಾಚಿ ಒಳಗೊಳಗೇ ಬೆಳೆಸುತ್ತದೆ. ತಾಯಂದಿರಲ್ಲಿ ನಮ್ಮ ವಿನಂತಿ: ಚರ್ಮವೈದ್ಯರನ್ನು ಕೇಳದೆ ಇಂಥದ್ದನ್ನು ಹಚ್ಚಬೇಡಿರಿ.

ಮರುದಿನ ಹುಡುಗನನ್ನು ಚರ್ಮವೈದ್ಯರಲ್ಲಿಗೂ, ಇಲಿಗಳನ್ನು ದನದ ದವಾಖಾನೆಗೂ ಒಯ್ದರು. ಪಶುವೈದ್ಯರು ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ನುಸಿಯಲ್ಲ, ಗಜಕರ್ಣವೇ ಎಂದರು. ಕಾಕಾನ ಶೀಸೆಯಿಂದ ಇಲಿ ಸಾಯುತ್ತಿತ್ತೇ ಹೊರತು ರೋಗ ಹೋಗುತ್ತಿರಲಿಲ್ಲ. ಇನ್ನೊಂದು ಇಲಿಯ ಮೈ ಶುಭ್ರವಾಗಿದ್ದರೂ ಅದಕ್ಕೂ ಔಷಧ ಕೊಟ್ಟರು. ರೋಗ ತೋರದೆಯೂ ಇಲಿಗಳು ಶಿಲೀಂಧ್ರವನ್ನು ಹೊತ್ತಿರುತ್ತವೆ. ಅದರ ಬೀಜಕಣಗಳು ತಿಂಗಳುಗಟ್ಟಲೆ ಬದುಕುವುದರಿಂದ ಹಾಸಿದ ಕಟ್ಟಿಗೆ ಹೊಟ್ಟು, ಮರದ ಗೂಡುಗಳನ್ನು ಸುಟ್ಟರು. ತಂತಿಯ ಪಂಜರವನ್ನು ಬ್ಲೀಚ್ ಬೆರೆಸಿದ ನೀರಿನಿಂದ ತೊಳೆದು, ಶುದ್ಧ ನೀರು ಹಾಕಿ, ಬಿಸಿಲಿಗಿಟ್ಟರು. ಈಗ ಅದರಲ್ಲಿ ಕಾಗದದ ಚೂರು ಹಾಸುತ್ತಾರೆ. ಮುಟ್ಟಿದ ಮೇಲೆ ಕೈ ತೊಳೆಯದೆ ಊಟವಿಲ್ಲ.

ಹುಡುಗನ ಉಂಗುರ ಮಾಯಲು ವಾರಗಳೇ ಹಿಡಿದವು. ಅಜ್ಜಿಯ ತವರು ರಾಮದುರ್ಗದ ನೇಕಾರ ಮನೆತನ. ಗಣೇಶ ಚೌತಿಯ ಮರುದಿನ ಇಲಿವಾರದಂದು ಮಗ್ಗ ನಿಲ್ಲಿಸಿ ಇಲಿಗೆ ಕಡಬು ಇಡುತ್ತಿದ್ದವರು. ಈ ಸಲ ಅವರು ಪಂಜರದೊಳಗೂ ಇಡಿಯ ಕಡಬನ್ನೇ ಇಡಲು ಹೋದರಂತೆ. ಚಿಟಿಕೆಯಷ್ಟೇ ಸಾಕೆಂದು ಮೊಮ್ಮಗನೇ ತಡೆದನಂತೆ.