ಕೂಸು ಹುಟ್ಟುವ ಮುನ್ನವೇ ಕುಲಾವಿ

ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸುವ ಆತುರವು ನಮ್ಮ ನಾಡಿಗೆ ಮಾತ್ರ ಸೇರಿದುದೆಂದು ವಾಚಕರಲ್ಲಿ ಯಾರಾದರೂ ತಿಳಿದಿದ್ದರೆ, ಅವರು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕಾಲೇಜು ಫುಟ್‌ಬಾಲಿನ ಕಡೆಗೆ ಒಮ್ಮೆ ದೃಷ್ಟಿಯಿಡಬೇಕು. ಅಲ್ಲಿ ಪಂದ್ಯಗಳು ಆರಂಭವಾಗುವುದು ಆಗಸ್ಟ್ ತಿಂಗಳ ಕೊನೆಯಲ್ಲಿ. ವರ್ಷದ ಅತ್ಯುತ್ತಮ ಆಟಗಾರನಿಗೆ ಹೈಸ್‌ಮನ್ ಪಾರಿತೋಷಕವನ್ನು ಕೊಡುವುದು ಡಿಸೆಂಬರಿನಲ್ಲಿ. ಆದರೆ ಅದು ಯಾರಿಗೆ ಸಲ್ಲುವುದೆಂಬ ಭವಿಷ್ಯವು, ಆಟಗಾರರು ಇನ್ನೂ ಕಣಕ್ಕಿಳಿಯುವ ಮೊದಲೇ ಪತ್ರಿಕೆಗಳಲ್ಲಿ ಅಚ್ಚಾಗಿಬಿಡುವುದು. ಈ ತಿಂಗಳು ನಾವು ಆ ಭವಿಷ್ಯವಾದಿಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಮೊದಲು ಆಟದ ಸಂಗತಿ. ಇದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಪಕ್ಷವೊಂದಕ್ಕೆ 11 ಮಂದಿ, ಚೆಂಡು ಅಂಡಾಕಾರದ್ದು, ಅದನ್ನು ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಹೆಚ್ಚು. ತನ್ನ ಪಕ್ಷದ ಮುನ್ನುಗ್ಗುವಿಕೆಯನ್ನು ನಡೆಸಿ ಚೆಂಡನ್ನೆಸೆಯುವವನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ನ್ಯೂಯಾರ್ಕಿನ ಡೌನ್‌ಟೌನ್ ಅಥ್ಲೆಟಿಕ್ ಕ್ಲಬ್ಬಿನವರು 1935ರಲ್ಲಿ ಈ ಪಾರಿತೋಷಕವನ್ನು ಮೊದಲು ಕೊಟ್ಟರು. ಮರುವರ್ಷ ಆ ಕ್ಲಬ್ಬಿನ ಕ್ರೀಡಾಧಿಕಾರಿಗಳಾಗಿದ್ದ ಜಾನ್ ಹೈಸ್‌ಮನ್ನರು ತೀರಿಕೊಳ್ಳಲು, ಅದಕ್ಕೆ ಅವರ ಹೆಸರನ್ನೇ ಇಟ್ಟರು. ಒಂದು ಕೈಯನ್ನು ಮುಂದೆ ಚಾಚಿ, ಮತ್ತೊಂದರಲ್ಲಿ ಚೆಂಡನ್ನು ಅವುಚಿಕೊಂಡು ಓಡುವ ಆಟಗಾರನ ಕಂಚಿನ ಪ್ರತಿಮೆಯದು. ಅದನ್ನು ನಿರ್ಣಯಿಸುವವರು 870 ಮಂದಿ ಕ್ರೀಡಾ ಪತ್ರಕರ್ತರೂ, ಹಿಂದೆ ಅದನ್ನು ಪಡೆದು ಇಂದಿಗೂ ಬದುಕಿರುವವರೂ. ಪ್ರೇಕ್ಷಕರೆಲ್ಲರ ಪರವಾಗಿ ಮತ್ತೊಂದು ಮತವುಂಟು. ಒಬ್ಬೊಬ್ಬರೂ ಮೂರು ಹೆಸರುಗಳನ್ನು ಬರೆಯಬೇಕು. ಮೊದಲನೆಯದಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಅಂಕ.

ಇನ್ನು ಭವಿಷ್ಯ ಹೇಳುವವರ ಲೆಕ್ಕ. ಅದು ಬಹು ಸರಳವಾದುದು. ಹೆಸರುವಾಸಿಯಾದ ವಿಶ್ವವಿದ್ಯಾನಿಲಯ ಯಾವುದು, ಅದರ ಕ್ವಾರ್ಟರ್‌ಬ್ಯಾಕ್ ಯಾರು, ಕಳೆದ ವರ್ಷ ಅವನು ಮಾಡಿದುದೆಷ್ಟು, ಈ ವರ್ಷ ಅವನ ಪಕ್ಷ ಎಷ್ಟು ಪಂದ್ಯಗಳನ್ನು ಗೆಲ್ಲಬಹುದು, ಇಷ್ಟೆ. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. 2000ದಿಂದ 2025ರವರೆಗಿನ 26 ಪಾರಿತೋಷಕಗಳಲ್ಲಿ 21 ಕ್ವಾರ್ಟರ್‌ಬ್ಯಾಕುಗಳ ಪಾಲಾಗಿವೆ. ಅವನ ಮುಂದೆ ಗೋಡೆಯಂತೆ ನಿಂತು ಮೈಯೊಡ್ಡಿ ಅವನನ್ನು ಕಾಯುವ ಐವರಿದ್ದಾರಷ್ಟೆ; ಅಂಥವರ ಹೆಸರನ್ನು ಬೇಸಗೆಯ ಪಟ್ಟಿಗಳಲ್ಲಿ ಹುಡುಕುವುದು ವ್ಯರ್ಥ. ಹೀಗೆ, ಯಾವ ಸ್ಥಾನದವನು ಗೆಲ್ಲುವನೆಂದು ಹೇಳುವುದು ಸುಲಭ. ಯಾವನು ಗೆಲ್ಲುವನೆಂದು ಹೇಳುವುದೇ ಕಷ್ಟ. ಒಂದು ಮೊಣಕಾಲು ಉಳುಕಿದರೆ, ಒಂದು ದೊಡ್ಡ ಪಂದ್ಯ ಸೋತರೆ, ಆ ಲೆಕ್ಕವೆಲ್ಲವೂ ನೀರಿನ ಮೇಲಣ ಬರಹವೇ ಸರಿ.

2025ನೆಯ ವರ್ಷವನ್ನೇ ನೋಡಿರಿ. ಆಗ ಭವಿಷ್ಯವಾದಿಗಳ ಬಾಯಲ್ಲೆಲ್ಲ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಆರ್ಚ್ ಮ್ಯಾನಿಂಗನ ಹೆಸರೇ ಮೊದಲು. ಅವನ ತಾತನೂ ಇಬ್ಬರು ಚಿಕ್ಕಪ್ಪಂದಿರೂ ಈ ಆಟದಲ್ಲಿ ಕೀರ್ತಿ ಪಡೆದವರು. ಆದರೆ ಅವನು ಆ ಮೊದಲು ಪಂದ್ಯದ ಆರಂಭದಿಂದ ಪಕ್ಷವನ್ನು ನಡೆಸಿದ್ದುದು ಎರಡೇ ಸಲ! ಕುಲವನ್ನು ನೋಡಿ ಹೂವಿನ ಹಾರ ಕಟ್ಟಿದರು. ಮೊದಲನೆಯ ಪಂದ್ಯದಲ್ಲಿಯೇ ಟೆಕ್ಸಾಸ್ ಪಕ್ಷವು ಒಹಾಯೋ ಸ್ಟೇಟಿಗೆ 14–7ರಿಂದ ಸೋತಿತು. ಡಿಸೆಂಬರಿನ ಕೊನೆಯ ನಾಲ್ವರಲ್ಲಿ ಅವನ ಹೆಸರಿರಲಿಲ್ಲ. ಪಾರಿತೋಷಕವು ಸಂದುದು ಇಂಡಿಯಾನಾ ವಿಶ್ವವಿದ್ಯಾನಿಲಯದ ಫರ್ನಾಂಡೋ ಮೆಂಡೋಜಾನಿಗೆ. ಆ ವಿದ್ಯಾಪೀಠಕ್ಕೆ ಅದು ಬಂದುದು ಅದೇ ಮೊದಲು.

ತಪ್ಪಾದ ಭವಿಷ್ಯವನ್ನು ನಕ್ಕು ಮರೆಯಬಹುದು. ಆದರೆ ಅದನ್ನು ಹೊತ್ತವನ ಗತಿಯೇನು? 2021ರಲ್ಲಿ ಒಕ್ಲಹೋಮಾದ ಸ್ಪೆನ್ಸರ್ ರ್‍ಯಾಟ್ಲರ್ ಎಂಬ ಇಪ್ಪತ್ತರ ತರುಣನು ಪಟ್ಟಿಗಳ ತಲೆಯಲ್ಲಿದ್ದನು. ಸೆಪ್ಟೆಂಬರಿನಲ್ಲಿ ಅವನ ಆಟ ನಿರೀಕ್ಷೆಗೆ ತಕ್ಕಂತೆ ಸಾಗದಿರಲು, ಸ್ವಂತ ಕ್ರೀಡಾಂಗಣದಲ್ಲಿ, ಸ್ವಂತ ಪಕ್ಷದ ಪ್ರೇಕ್ಷಕರೇ ಅವನ ಬದಲು ಕೇಲಬ್ ವಿಲಿಯಮ್ಸನನ್ನು ಇಳಿಸಬೇಕೆಂದು ಒಕ್ಕೊರಲಿನಿಂದ ಕೂಗಿದರು. ಅಕ್ಟೋಬರಿನಲ್ಲಿ ಟೆಕ್ಸಾಸಿನ ವಿರುದ್ಧ ಆಟದ ನಡುವೆ ಅವನನ್ನು ಹೊರಗೆ ಕೂರಿಸಿದುದೂ ಆಯಿತು. ಅವನು ಮಾಡಿದ ಅಪರಾಧವಾದರೂ ಏನು? ಬೇರೆಯವರು ಅವನ ಹೆಸರಿನಲ್ಲಿ ಮಾಡಿದ ವಾಗ್ದಾನವನ್ನು ಅವನು ತೀರಿಸಲಿಲ್ಲ, ಅಷ್ಟೆ! ಅವನು ಎದೆಗುಂದದೆ ಸೌತ್ ಕ್ಯಾರೊಲಿನಾಕ್ಕೆ ಹೋಗಿ ಎರಡು ವರ್ಷ ಆಡಿ, 2024ರಲ್ಲಿ ನ್ಯೂ ಆರ್ಲಿಯನ್ಸಿನ ವೃತ್ತಿಪರ ಪಕ್ಷಕ್ಕೆ ಆಯ್ಕೆಯಾದನೆಂಬುದನ್ನು ಸಂತೋಷದಿಂದ ಹೇಳುತ್ತೇವೆ. ಎಲ್ಲ ಹುಡುಗರ ಎದೆಯೂ ಅಷ್ಟು ಗಟ್ಟಿಯಾಗಿರುವುದಿಲ್ಲ.

ಇದಕ್ಕೆ ಹಣದ ಮಾತೂ ಸೇರಿದೆ. 2018ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಕ್ರೀಡಾ ಜೂಜಿಗೆ ಅಡ್ಡವಾಗಿದ್ದ ಕೇಂದ್ರದ ಕಾನೂನನ್ನು ತೊಡೆದುಹಾಕಿದ ಮೇಲೆ ಅನೇಕ ಸಂಸ್ಥಾನಗಳು ಅದಕ್ಕೆ ಅನುಮತಿ ಕೊಟ್ಟಿವೆ. ಅಲ್ಲಿಂದೀಚೆಗೆ ಬೇಸಗೆಯ ಪಟ್ಟಿಯು ಬರಿಯ ಹರಟೆಯಾಗಿ ಉಳಿದಿಲ್ಲ. ಹುಡುಗನ ಹೆಸರಿನ ಮುಂದೆ ಬೆಲೆ ಕಟ್ಟಿದ ಅಂಗಡಿಯ ಪಟ್ಟಿಯಾಗಿದೆ. ಪಣ ಸೋತವರು ಆ ಹುಡುಗರಿಗೇ ಬೈಗುಳ ಬರೆದು ಕಳುಹಿಸುವುದೂ ಉಂಟು.

ಯಾರೂ ಎಣಿಸದವನು ಗೆದ್ದುದೂ ಉಂಟು. ಒಹಾಯೋ ಸ್ಟೇಟಿನಲ್ಲಿ ಆಡುವ ಅವಕಾಶ ಸಾಲದೆ ಲೂಯಿಸಿಯಾನಾಕ್ಕೆ ಹೋದ ಜೋ ಬರೋ 2018ರಲ್ಲಿ 16 ಟಚ್‌ಡೌನ್ ಎಸೆತಗಳನ್ನು ಮಾತ್ರ ಸಾಧಿಸಿದ್ದನು. 2019ರಲ್ಲಿ 60 ಸಾಧಿಸಿ ಪಾರಿತೋಷಕವನ್ನು ಗೆದ್ದನು. ಅದನ್ನು ಸ್ವೀಕರಿಸುವಾಗ ಅವನು ತಾನು ಬೆಳೆದ ಒಹಾಯೋದ ಬಡ ಸೀಮೆಯಲ್ಲಿ, ಶಾಲೆಯಿಂದ ಮನೆಗೆ ಹೋದರೆ ಹೊಟ್ಟೆತುಂಬ ಊಟವಿಲ್ಲದ ಮಕ್ಕಳನ್ನು ಕಣ್ಣೀರಿನೊಡನೆ ನೆನೆದನು. ಅದನ್ನು ಕೇಳಿದ ಜನರು ಅಲ್ಲಿನ ಅನ್ನದಾನದ ಸಂಸ್ಥೆಗೆ ಕೊಟ್ಟ ಹಣ ಕೆಲವೇ ದಿನಗಳಲ್ಲಿ ನಾಲ್ಕು ಲಕ್ಷ ಡಾಲರನ್ನು ಮೀರಿತು. ಇದನ್ನು ಯಾವ ಭವಿಷ್ಯವಾದಿಯು ಮುಂಚಿತವಾಗಿ ಬರೆದಿದ್ದನು?

ನಮ್ಮ ಮನೆಗಳಲ್ಲಿಯೂ ಈ ಬೇಸಗೆಯ ಪಟ್ಟಿಗಳಿಲ್ಲವೆ? ಪರೀಕ್ಷೆಗೆ ಆರು ತಿಂಗಳಿರುವಾಗಲೇ ‘ನಮ್ಮ ಹುಡುಗ ಈ ಸಲ ಮೊದಲನೆಯವನು’ ಎಂದು ನೆಂಟರ ಮುಂದೆ ಹೇಳುವ ತಂದೆತಾಯಿಗಳು, ಆ ಮಾತಿನ ಭಾರ ಯಾರ ಹೆಗಲ ಮೇಲೆ ಬೀಳುವುದೆಂಬುದನ್ನು ಕ್ಷಣಕಾಲ ಆಲೋಚಿಸಲಿ. ಮಗುವಿನಲ್ಲಿ ಭರವಸೆಯಿಡುವುದು ಬೇರೆ. ಮಗುವಿನ ಹೆಸರಿನಲ್ಲಿ ಸಾಲ ಬರೆಯುವುದು ಬೇರೆ.

1935ರಲ್ಲಿ ಈ ಪಾರಿತೋಷಕವನ್ನು ಮೊಟ್ಟಮೊದಲು ಪಡೆದವನು ಶಿಕಾಗೋ ವಿಶ್ವವಿದ್ಯಾನಿಲಯದ ಜೇ ಬರ್ವ್ಯಾಂಗರ್. ವೃತ್ತಿಪರ ಪಕ್ಷಗಳು ಮರುವರ್ಷ ಎಲ್ಲರಿಗಿಂತ ಮೊದಲು ಆರಿಸಿಕೊಂಡುದೂ ಅವನನ್ನೇ. ಅವನು ಹೋಗಲಿಲ್ಲ, ಬೇರೆ ಉದ್ಯೋಗ ಹಿಡಿದು ಸುಖವಾಗಿ ಬಾಳಿದನು. ಆ ಕಂಚಿನ ಪ್ರತಿಮೆಯು ಬಹುಕಾಲ ಅವನ ಅತ್ತೆಯ ಮನೆಯಲ್ಲಿ ಬಾಗಿಲು ಮುಚ್ಚಿಕೊಳ್ಳದಂತೆ ಆನಿಸಿಡುವುದಕ್ಕೆ ಉಪಯೋಗವಾಗುತ್ತಿದ್ದಿತಂತೆ. ಕೀರ್ತಿಗೆ ಮನೆಯಲ್ಲಿ ಎಷ್ಟು ಸ್ಥಳ ಕೊಡಬೇಕೆಂಬುದನ್ನು ಆ ಗೃಹಿಣಿಯು ಚೆನ್ನಾಗಿ ಬಲ್ಲವಳಾಗಿದ್ದಳೆಂದು ನಮಗೆ ತೋರುತ್ತದೆ.