ಸಮುದ್ರದಾಚೆ ಹೋದ ಮುತ್ತಾತ

ನಮ್ಮ ಅಲ್ಲಾಳಸಂದ್ರದ ಗೃಹಸ್ಥರೊಬ್ಬರು ಈಚೆಗೆ ನನ್ನಲ್ಲಿಗೆ ಬಂದಿದ್ದರು. ಅವರ ಮುತ್ತಾತ ಮೊದಲನೆಯ ಮಹಾಯುದ್ಧದಲ್ಲಿ ಕುದುರೆಯ ದಂಡಿನೊಡನೆ ಸಮುದ್ರ ದಾಟಿ ಹೋಗಿ ಬಂದನೆಂಬ ಮಾತು ಮನೆಯಲ್ಲಿ ಉಳಿದಿದೆ. ಹೆಸರು ಮಾತ್ರ ಯಾರಿಗೂ ನಿಶ್ಚಯವಾಗಿ ತಿಳಿಯದು. "ಮೇಷ್ಟರೆ, ಲಂಡನ್ನಿಗೆ ಬರೆದರೆ ಸಿಕ್ಕೀತೇ?" ಎಂದು ಕೇಳಿದರು. ಮಾತು ಉಳಿದು ಹೆಸರು ಅಳಿದ ಇಂಥ ಮನೆಗಳು ಬೇರೆಯೂ ಇರುವುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇನೆ.

ಹೆಸರು ಅಳಿದುದು ಆಶ್ಚರ್ಯವಲ್ಲ. ಶ್ರಾದ್ಧದಲ್ಲಿ ಹೆಸರು ಹಿಡಿದು ಪಿಂಡವಿಡುವುದು ತಂದೆ, ತಾತ, ಮುತ್ತಾತ ಈ ಮೂವರಿಗೆ. ನಾಲ್ಕನೆಯವನು ಲೇಪಭಾಗಿ, ಪಿಂಡವಿಟ್ಟ ಕೈಗೆ ಅಂಟಿದ ಅನ್ನವಷ್ಟೇ ಅವನ ಪಾಲು. ಮನುಷ್ಯರ ನೆನಪು ಎಷ್ಟು ದೂರ ಹೋಗಬಲ್ಲದೆಂಬುದನ್ನು ಶಾಸ್ತ್ರಕಾರರು ಚೆನ್ನಾಗಿ ಅರಿತಿದ್ದರು. ೧೯೧೮ರ ಸವಾರನು ಈಗಿನ ಮಕ್ಕಳ ಪಾಲಿಗೆ ಆ ನಾಲ್ಕನೆಯ ಸ್ಥಾನಕ್ಕೆ ಸರಿದಿದ್ದಾನೆ.

ಇನ್ನು ಲಂಡನ್ನಿನ ಮಾತು. ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳವು ಬ್ರಿಟಿಷ್ ಇಂಡಿಯದ ಸೈನ್ಯಕ್ಕೆ ಸೇರಿದುದಲ್ಲ. ಮೈಸೂರು ಸಂಸ್ಥಾನವು ತನ್ನ ಬೊಕ್ಕಸದಿಂದ ಸಾಕಿ ಚಕ್ರವರ್ತಿಯ ಯುದ್ಧಕ್ಕೆ ಒಪ್ಪಿಸಿದ ಪಡೆ. ಅದು ೧೯೧೪ರಲ್ಲಿ ಹೊರಟು ಸುಯೆಜ್ ಕಾಲುವೆಯನ್ನು ಕಾಯಿತು. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣದಲ್ಲಿ, ಜೋಧಪುರದ ಸವಾರರು ಊರೊಳಕ್ಕೆ ನುಗ್ಗಿದಾಗ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ಮೈಯನ್ನೇರಿ ಮೇಲಿದ್ದ ಫಿರಂಗಿಗಳನ್ನು ಹಿಡಿದರು. ಆದುದರಿಂದ ಮೊದಲು ಹುಡುಕತಕ್ಕದ್ದು ಇಲ್ಲಿ, ಸಂಸ್ಥಾನದ ಕಡತಗಳನ್ನು ಕಾಪಾಡುತ್ತಿರುವ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ.

ಜೆ.ಸಿ. ನಗರದ ಬಳಿ ಈ ಲ್ಯಾನ್ಸರ್ಸ್ ದಳದ ಸ್ಮಾರಕಸ್ತಂಭವಿದೆ. ಬಳ್ಳಾರಿ ರಸ್ತೆಯಲ್ಲಿ ನಿತ್ಯವೂ ಪೇಟೆಗೆ ಹೋಗುವ ನಮ್ಮವರು ಒಮ್ಮೆ ಅತ್ತ ತಿರುಗಬಹುದು. ಆದರೆ ಅದು ಮಡಿದವರ ಸ್ಮಾರಕ. ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗದ ಪಟ್ಟಿಯೂ ಮಡಿದವರದೇ. ಬದುಕಿ ಬಂದು, ಹೊಲ ಉತ್ತು, ಮಕ್ಕಳನ್ನು ಪಡೆದು, ಮುಪ್ಪಿನಲ್ಲಿ ತೀರಿಕೊಂಡವನಿಗೆ ಕಲ್ಲೂ ಇಲ್ಲ, ಪಟ್ಟಿಯೂ ಇಲ್ಲ. ಮರಿಮಕ್ಕಳು ಹುಡುಕುತ್ತಿರುವುದು ಬಹುಮಟ್ಟಿಗೆ ಇಂಥವನನ್ನೇ.

ಅವನು ಸಿಕ್ಕುವುದಾದರೆ ಮನೆಯಲ್ಲಿ ಸಿಕ್ಕಬೇಕು. ಮುದುಕಿಯರನ್ನು ಕೇಳಿರಿ; ಆದರೆ ಸೊಸೆಯಾಗಿ ಬಂದವರನ್ನಲ್ಲ. ಗಂಡನ ಹೆಸರನ್ನೂ ಮಾವನ ಹೆಸರನ್ನೂ ಬಾಯಲ್ಲಿ ಆಡಬಾರದೆಂಬ ಕಟ್ಟಿನಲ್ಲಿ ಬಾಳಿದವರು ಅವರು. ಎಷ್ಟೋ ಹೆಸರುಗಳು ಆ ಮರ್ಯಾದೆಯಲ್ಲಿಯೇ ಮುಳುಗಿಹೋದವು. ಹೊರಗೆ ಕೊಟ್ಟ ಹೆಣ್ಣುಮಕ್ಕಳಿಗೆ ಆ ಕಟ್ಟು ಇರಲಿಲ್ಲ. ತಾತನ ಹೆಸರನ್ನು ಮೊಮ್ಮಗನಿಗಿಡುವ ವಾಡಿಕೆಯಿಂದಲೂ ಸುಳಿವು ದೊರೆಯುತ್ತದೆ. ಅಲ್ಲಿಯೂ ಒಂದು ತೊಡಕುಂಟು. ಮಾವನ ಹೆಸರಿಟ್ಟ ಮಗುವನ್ನು ಆ ಹೆಸರಿನಿಂದ ಕರೆಯಲಾರದೆ ತಾಯಿ ಪುಟ್ಟಣ್ಣನೆಂದೋ ದೊಡ್ಡಯ್ಯನೆಂದೋ ಕರೆದಿರುತ್ತಾಳೆ. ಊರೆಲ್ಲ ಅದನ್ನೇ ಹಿಡಿದಿರುತ್ತದೆ. ಆದುದರಿಂದ ಹಳೆಯ ಕ್ರಯಪತ್ರ, ಪಾಲುಪಟ್ಟಿಗಳಲ್ಲಿರುವ ಹೆಸರನ್ನು ತೆಗೆದು ಇದರೊಡನೆ ತಾಳೆ ನೋಡಬೇಕು. ವಂಶಾವಳಿಯನ್ನು ಬರೆದಿಟ್ಟು ಮನೆಮನೆಯ ಮುಂದೆ ಓದಿ ಹೇಳುವ ಹೆಳವರು ನಿಮ್ಮ ಕುಲಕ್ಕೆ ಇದ್ದರೆ, ಅವರ ಪುಸ್ತಕವನ್ನು ಸರ್ಕಾರದ ಕಾಗದಕ್ಕಿಂತ ಕೀಳೆಂದೆಣಿಸಬೇಡಿರಿ.

ಕೊನೆಯದಾಗಿ, ದೇವರ ಪೆಟ್ಟಿಗೆಯ ತಳವನ್ನು ನೋಡಿರಿ. ಯುದ್ಧ ಮುಗಿದ ಮೇಲೆ ಹಂಚಿದ ಬೆಳ್ಳಿಯ ಪದಕದ ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ತಲೆ, ಇನ್ನೊಂದರಲ್ಲಿ ಕುದುರೆಯೇರಿದ ಪುರುಷನ ಆಕೃತಿ ಇರುತ್ತದೆ. ಕಂಚಿನದಾದರೆ ನಿಮ್ಮ ಹಿರಿಯನು ಸವಾರನಾಗಿರದೆ ಕೂಲಿಪಡೆಯಲ್ಲಿಯೋ ಪರಿಚಾರಕರಲ್ಲಿಯೋ ಇದ್ದಿರಬಹುದು. ಅವನು ಹೋದುದೂ ಅದೇ ಯುದ್ಧಕ್ಕೆ. ಎಷ್ಟೋ ಪದಕಗಳು ಅಕ್ಕಸಾಲಿಯ ಕುಲುಮೆ ಸೇರಿವೆ. ನಿಮ್ಮ ಮನೆಯಲ್ಲಿ ಉಳಿದಿದ್ದರೆ ಅದರ ದಪ್ಪ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿರಿ. ಪಡೆದವನ ಸಂಖ್ಯೆ, ಹೆಸರು, ದಳ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಅಲ್ಲಿರುತ್ತವೆ. ಹಬ್ಬಕ್ಕೆಂದು ಅದನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕಬೇಡಿರಿ; ಅಕ್ಷರ ಸವೆಯುತ್ತದೆ.