ವೀರಗಲ್ಲಿಗೆ ಹಾರ ಹಾಕಿದ ಮೇಲೆ

ಪ್ರತಿ ವರ್ಷ ಜುಲೈ 21ರಂದು ನವಲಗುಂದ, ನರಗುಂದಗಳ ರೈತ ಹುತಾತ್ಮರ ವೀರಗಲ್ಲಿಗೆ ಹಾರ ಬೀಳುತ್ತದೆ. ಎಲ್ಲ ಪಕ್ಷಗಳವರೂ ಹಸಿರು ಶಾಲು ಹೊದ್ದು ಬರುತ್ತಾರೆ, ಮಹದಾಯಿ ನದಿಯ ನೀರಿನ ಮಾತಾಡಿ ಹೋಗುತ್ತಾರೆ. ಮರುದಿನದಿಂದ 1980 ಬರೀ ಒಂದು ಇಸವಿ.

ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ಎರಿಹೊಲಗಳಿಗೆ ಕಾಲುವೆ ತೋಡಿದ್ದರು. ಎಷ್ಟೋ ಹೊಲಗಳಿಗೆ ನೀರಿಗಿಂತ ಮೊದಲು ಅಭಿವೃದ್ಧಿ ಕರದ ನೋಟಿಸು ಮುಟ್ಟಿತು. ಹತ್ತಿಯ ಬೆಲೆಯೂ ಕುಸಿದಿತ್ತು. ಸಿಟ್ಟು ಬೀದಿಗೆ ಬಂದ ದಿನ, 1980ರ ಜುಲೈ 21ರಂದು, ಗೋಲಿಬಾರಾಯಿತು. ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಪ್ರಾಣ ಬಿಟ್ಟರು. ನರಗುಂದದಲ್ಲಿ ಪೊಲೀಸರೂ ಸತ್ತರು. ಆ ಕಿಚ್ಚಿನಲ್ಲೇ ಕರ್ನಾಟಕ ರಾಜ್ಯ ರೈತ ಸಂಘ ಮೂಡಿತು. 1983ರ ಚುನಾವಣೆಯಲ್ಲಿ ಮುಖ್ಯಮಂತ್ರಿ ಗುಂಡೂರಾವ್ ಅವರ ಸರ್ಕಾರ ಹೋಯಿತು.

ಅದೇ 1980ರ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಗ್ವಾಂಗ್ಜು ನಗರದ ಜನ ಸೇನಾಡಳಿತದ ವಿರುದ್ಧ ಎದ್ದಿದ್ದರು. ಸೈನಿಕರ ಗುಂಡಿಗೆ ನೂರಾರು ಮಂದಿ ಬಲಿಯಾದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಲ್ಲಿಯ ಸಾವಿನ ಲೆಕ್ಕ ಬೇರೆ, ಆಳಿದವರು ಬೇರೆ. ಆದರೆ ಆಮೇಲೆ ಕೊರಿಯನ್ನರು ಮಾಡಿದ್ದನ್ನು ನೋಡಬೇಕು. ದಂಗೆಕೋರರೆಂದು ಸರ್ಕಾರವೇ ಜರಿದಿದ್ದ ಜನರ ಹೇಳಿಕೆ, ದಿನಚರಿ, ಫೋಟೊ, ಆಸ್ಪತ್ರೆಯ ದಾಖಲೆಗಳನ್ನು ಕೂಡಿಸಿಟ್ಟರು. 2011ರಲ್ಲಿ ಅವು ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿಗೆ ಸೇರಿದವು. ಗ್ವಾಂಗ್ಜುವಿನಲ್ಲಿ ಹುಟ್ಟಿದ ಲೇಖಕಿ ಹಾನ್ ಕಾಂಗ್ ಇಂಥ ಸಾಕ್ಷ್ಯಗಳನ್ನು ಓದಿಯೇ ಆ ಮೇ ತಿಂಗಳ ಕುರಿತ ಕಾದಂಬರಿ ಬರೆದರು. ಅದು 2014ರಲ್ಲಿ ಬಂತು. 2024ರಲ್ಲಿ ಅವರಿಗೆ ನೊಬೆಲ್ ಸಂದಿತು.

ನಮ್ಮಲ್ಲಿ ಕಲ್ಲು ನಿಂತಿದೆ, ಭಾಷಣ ನಡೆದಿದೆ. ಮನೆ ಮನೆಯ ಮಾತು ಕೂಡಿಸುವ ಕೆಲಸ ಬಾಕಿ ಇದೆ. ಅಂದು ಇಪ್ಪತ್ತರ ಹರೆಯದಲ್ಲಿದ್ದವರಿಗೆ ಇಂದು ಅರವತ್ತು ದಾಟಿದೆ. ಚಕ್ಕಡಿ ಹೂಡಿಕೊಂಡು ತಾಲ್ಲೂಕು ಕಚೇರಿಗೆ ಹೋದವರು, ಜೈಲು ಕಂಡವರು, ಗಂಡಸರು ಊರು ಬಿಟ್ಟ ದಿನಗಳಲ್ಲಿ ಮನೆ ನಡೆಸಿದ ಅವ್ವಂದಿರು, ಸತ್ತ ಪೊಲೀಸರ ಮನೆಯವರು—ಇವರೆಲ್ಲರ ಮಾತೂ ಬೇಕು. ಒಂದು ಕಡೆಯ ಮಾತಷ್ಟೇ ಉಳಿದರೆ ಅದು ಜಯಕಾರವಾಗುತ್ತದೆ, ಚರಿತ್ರೆಯಾಗುವುದಿಲ್ಲ.

ಓದುಗರಲ್ಲಿ ನಮ್ಮದೊಂದು ಬೇಡಿಕೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಂದಿನ ಕರದ ನೋಟಿಸು, ಕರಪತ್ರ, ಕೋರ್ಟಿನ ಕಾಗದ ಇದ್ದರೆ ರದ್ದಿಗೆ ಹಾಕಬೇಡಿ. ಹಿರಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಬರೆದು ಕಳಿಸಿ. ಅವರ ಮಾತನ್ನು ತಿದ್ದದೆ, ಅವರ ನುಡಿಯಲ್ಲೇ ಅಚ್ಚು ಹಾಕುತ್ತೇವೆ.

— ಸಂಪಾದಕ